ಹಿಮದ ಮೇಲೊಂದು ಸಾಲು

ಬೂಟಿನೊಳಗೆ ಕಾಲು ಹೋಗಲೇ ಇಲ್ಲ. ತಪ್ಪು ನನ್ನದೇ. ಹಿಂದಿನ ರಾತ್ರಿ ಸೋಮಾರಿತನ ಮಾಡಿ ಬೂಟುಗಳನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ. ಡೆನ್ವರಿನ ಫೆಬ್ರುವರಿ ಚಳಿಗೆ ಅವುಗಳ ಪ್ಲಾಸ್ಟಿಕ್ಕು ಕಲ್ಲಾಗಿತ್ತು. ಕೊಲರಾಡೋದ ಸ್ಕೀ ತಾಣ ಕಾಪರ್ ಮೌಂಟನ್‌ನ ಬುಡದ ಲಾಡ್ಜಿನಲ್ಲಿ, ಹೀಟರಿನ ಮುಂದೆ ಅವನ್ನು ಬಾಯಿ ತೆರೆಸಿ ಕೂರಿಸಿ ಅರ್ಧ ಗಂಟೆ ಕಾದೆ. ಕಿಟಕಿಯಾಚೆ ಚೇರ್ ಲಿಫ್ಟಿನ ಮೊದಲ ಕುರ್ಚಿಗಳು ಜನರನ್ನು ಹೊತ್ತು ಹೊರಟೇ ಹೋದವು. ಐದಕ್ಕೆ ಎದ್ದು, ಐ-70 ಹೆದ್ದಾರಿ ತುಂಬುವ ಮೊದಲೇ 11,000 ಅಡಿಗೂ ಮೇಲಿರುವ ಐಸನ್‌ಹೋವರ್ ಸುರಂಗ ದಾಟಿ ಬಂದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಗಳಿಗೆ ಅವತ್ತು ಶಾಲೆ ರಜೆ. ತನ್ನ ಮೆತ್ತನೆಯ ಬೂಟಿನ ದಾರ ಎರಡೇ ನಿಮಿಷದಲ್ಲಿ ಬಿಗಿದುಕೊಂಡು ಎದುರಿಗೆ ನಿಂತಿದ್ದಳು.

"ಅಪ್ಪಾ, ಅದು ಸ್ಕೀ ಬೂಟು. ಸ್ನೋಬೋರ್ಡಿಗೆ ಯಾರೂ ಅದನ್ನ ಹಾಕ್ಕೊಳಲ್ಲ."

"ನಾನು ಹಾಕ್ಕೋತೀನಲ್ಲ."

"ಅದಕ್ಕೇ ಹೇಳಿದ್ದು" ಅಂದವಳು ಗೆಳತಿಯ ಜೊತೆ ಮಾಯವಾದಳು.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಗುಡ್ಡದ ಮೇಲೆ ಇಡೀ ದಿನ ಹುಡುಕಿದರೂ ನನ್ನ ಹಾಗೆ ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್ ಬೂಟ್ ಹಾಕಿ, ಸಪೂರದ ಆಲ್ಪೈನ್ ಬೋರ್ಡ್ ಮೇಲೆ ನಿಂತವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಲಿಫ್ಟಿನಲ್ಲಿ ಪಕ್ಕ ಕೂತವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದೇನು, ಮೋನೋಸ್ಕೀನಾ (ಎರಡೂ ಕಾಲು ಜೋಡಿಸಿ ನಿಲ್ಲುವ ಒಂಟಿ ಸ್ಕೀ)? ಮೊದಲೆಲ್ಲ ಬಿಡಿಸಿ ಹೇಳುತ್ತಿದ್ದೆ. ಈಗ "ಹಳೇ ಕಾಲದ ಸ್ನೋಬೋರ್ಡು" ಅಂದುಬಿಡುತ್ತೇನೆ. ಹಾಗೆ ನೋಡಿದರೆ ಅದೂ ಸರಿಯಲ್ಲ. 1998ರಲ್ಲಿ ನಗಾನೊದಲ್ಲಿ ಸ್ನೋಬೋರ್ಡ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಾಗಿನಿಂದ ಇಂದಿನವರೆಗೂ ಜೈಂಟ್ ಸ್ಲಾಲಂ (ನೆಟ್ಟ ಗುರುತುಗಳನ್ನು ಸುತ್ತುತ್ತ ಇಳಿಯುವ ಸ್ಪರ್ಧೆ) ಓಟಗಾರರು ಇಳಿಯುವುದು ಇಂಥ ಬೂಟಿನಲ್ಲೇ. ನನಗೆ ಈ ಹುಚ್ಚು ಹತ್ತಿಸಿದ್ದೂ ಒಲಿಂಪಿಕ್ಸೇ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಚೆಕ್ ಹುಡುಗಿ ಎಸ್ಟರ್ ಲೆಡೆಟ್ಸ್ಕಾ ಸ್ಕೀಯಿಂಗಿನ ಸೂಪರ್-ಜಿ ಎಂಬ ವೇಗದ ಓಟದ ಚಿನ್ನವನ್ನು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಗೆದ್ದಳು. ಗೆದ್ದದ್ದು ತಾನೇ ಎಂದು ನಂಬಲಾಗದೆ ಸಮಯ ತೋರಿಸುವ ಸ್ಕೋರ್‌ಬೋರ್ಡನ್ನೇ ದಿಟ್ಟಿಸುತ್ತ ನಿಂತಿದ್ದಳು. ಒಂದು ವಾರ ಕಳೆದು ಸ್ನೋಬೋರ್ಡಿನಲ್ಲೂ ಚಿನ್ನ. ಆ ಎರಡನೆಯ ಓಟದಲ್ಲಿ ಅವಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳುತ್ತಿದ್ದದ್ದು ನೋಡಿ, ನಾನು ಇಷ್ಟು ವರ್ಷ ಮಾಡುತ್ತಿದ್ದದ್ದು ಏನು ಅಂತ ನಾಚಿಕೆಯಾಯಿತು.

ನಾನು ಮಾಡುತ್ತಿದ್ದದ್ದು ಜಾರುವುದು. ಸಾಮಾನ್ಯ ಸ್ನೋಬೋರ್ಡಿನಲ್ಲಿ ಪಾದಗಳು ಹಲಗೆಗೆ ಅಡ್ಡಡ್ಡ ಇರುತ್ತವೆ. ತಿರುಗಬೇಕಾದರೆ ಹಿಂಭಾಗವನ್ನು ತಳ್ಳಿ ಹಿಮ ಕೆರೆಯುತ್ತೇವೆ. ಅವಳು ಮಾಡಿದ್ದು ಕಾರ್ವಿಂಗ್, ಅಂಚಿನಿಂದ ಹಿಮ ಕೊರೆಯುತ್ತ ತಿರುಗುವುದು. ಅದು ಹಾಗಲ್ಲ. ಬೋರ್ಡಿನ ನಡು ಸಣ್ಣ, ತುದಿಗಳು ಅಗಲ. ಅದನ್ನು ಅಂಚಿನ ಮೇಲೆ ಮಲಗಿಸಿ ಭಾರ ಬಿಟ್ಟರೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಅಂಚು ತನ್ನಷ್ಟಕ್ಕೆ ತಿರುವು ಹಿಡಿಯುತ್ತದೆ. ಮೂತಿ ಹೋದ ಗೆರೆಯಲ್ಲೇ ಬಾಲವೂ ಹೋಗುತ್ತದೆ. ಕೊಲರಾಡೋದಲ್ಲೇ ತಯಾರಾದ ನನ್ನ ಸೆಕೆಂಡ್‌ಹ್ಯಾಂಡ್ ಡೋನೆಕ್ ಬೋರ್ಡು ನಡುವಿನಲ್ಲಿ 20 ಸೆಂಟಿಮೀಟರೂ ಇಲ್ಲ. ಅಷ್ಟು ಸಪೂರ ಹಲಗೆಯ ಮೇಲೆ ಪಾದ ಅಡ್ಡ ಇಟ್ಟರೆ ಬೆರಳೂ ಹಿಮ್ಮಡಿಯೂ ಹೊರಚಾಚಿ ಹಿಮಕ್ಕೆ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಎರಡೂ ಪಾದ 60 ಡಿಗ್ರಿಯಷ್ಟು ಮುಂದಕ್ಕೆ ತಿರುಗಿರಬೇಕು. ಬೂಟು ಗಟ್ಟಿಯಿರುವುದರಿಂದ ಮೊಣಕಾಲು ಒಂಚೂರು ವಾಲಿದರೂ ಅಂಚಿಗೆ ಗೊತ್ತಾಗುತ್ತದೆ. ತಪ್ಪಾಗಿ ವಾಲಿದರೂ ಗೊತ್ತಾಗುತ್ತದೆ, ಅದು ಬೇರೆ ಮಾತು.

ಬೋರ್ಡು ಮಾರಿದ ಅಜ್ಜ ಎಪ್ಪತ್ತು ದಾಟಿದವರು. ದುಡ್ಡು ಎಣಿಸಿಕೊಂಡ ಮೇಲೂ ಒಂದು ಬೆಳಿಗ್ಗೆ ನನ್ನ ಜೊತೆ ಬಂದರು. ಎರಡು ಮಾತು ಹೇಳಿಕೊಟ್ಟರು. ಹಿಮ ಮುಟ್ಟಬೇಕು ಅಂತ ಸೊಂಟ ಬಗ್ಗಿಸಿ ಕೈ ಚಾಚಬೇಡ; ಬೋರ್ಡು ಸರಿಯಾಗಿ ಮಲಗಿದರೆ ಹಿಮವೇ ಕೈಗೆ ಬರುತ್ತದೆ. ಇನ್ನೊಂದು, ಬೋರ್ಡು ನೋಡಬೇಡ, ಹೋಗಬೇಕಾದ ಕಡೆ ನೋಡು.

ಎರಡನೆಯದನ್ನು ನಾನು ಮೊದಲೇ ಕೇಳಿದ್ದೆ, ಚಿತ್ರದುರ್ಗದ ಕಡೆಯ ನಮ್ಮ ಹೊಲದಲ್ಲಿ. ಹತ್ತು ವರ್ಷದವನ ಕೈಗೆ ಅಪ್ಪ ಮೊದಲ ಸಲ ನೇಗಿಲ ಮೇಣಿ ಕೊಟ್ಟಾಗ ನಾನು ಗುಳವನ್ನೇ ನೋಡುತ್ತ ನಡೆದಿದ್ದೆ. ಸಾಲು ಹಾವು ಹರಿದ ಹಾಗಾಯಿತು. "ನೆಲ ನೋಡಬ್ಯಾಡಲೇ, ಆ ಬದುವಿನ ಜಾಲಿಮರ ನೋಡು" ಅಂದಿದ್ದ ಅಪ್ಪ.

ಅವತ್ತು ಬೂಟು ಮೆತ್ತಗಾಗಿ ಮೇಲೆ ತಲುಪುವಷ್ಟರಲ್ಲಿ ಒಳ್ಳೆಯ ಇಳಿಜಾರುಗಳನ್ನೆಲ್ಲ ಜನ ತುಳಿದಾಗಿತ್ತು. ಕಾಪರ್‌ನಲ್ಲಿ ಪೂರ್ವಕ್ಕೆ ಹೋದಷ್ಟೂ ಕಡಿದು, ಪಶ್ಚಿಮಕ್ಕೆ ಬಂದಷ್ಟೂ ಸುಲಭ. ಶೂರರೆಲ್ಲ ಪೂರ್ವಕ್ಕೆ ಹೋಗಿರುತ್ತಾರೆ ಅಂತ ಲೆಕ್ಕ ಹಾಕಿ ಪಶ್ಚಿಮಕ್ಕೆ ತಿರುಗಿದೆ. ಮರಗಳ ನೆರಳಿನಲ್ಲಿ ಅಗಲವಾದ ಒಂದು ಇಳಿಜಾರು ಹೆಚ್ಚುಕಡಿಮೆ ಮುಟ್ಟದೆ ಉಳಿದಿತ್ತು. ರಾತ್ರಿ ಗ್ರೂಮಿಂಗ್ ಯಂತ್ರ ಬಾಚಿಹೋದ ಗೀರುಗಳು ಹಾಗೇ ಇದ್ದವು, ಕೂರಿಗೆ ಹೊಡೆದ ಹೊಲದ ಹಾಗೆ, ಒಂದರ ಪಕ್ಕ ಒಂದು, ತಪ್ಪದೆ.

ಮೇಲಿನಿಂದ ಯಾರೂ ಬರುತ್ತಿಲ್ಲ ಅಂತ ಎರಡು ಸಲ ನೋಡಿಕೊಂಡೆ. ಕಾರ್ವಿಂಗ್ ಮಾಡುವವನು ಇಡೀ ಅಗಲವನ್ನು ಅಡ್ಡಹಾಯುತ್ತಾನೆ, ಹಿಂದೆ ಬರುವವರಿಗೆ ಅದರ ಅಂದಾಜೇ ಇರುವುದಿಲ್ಲ. ಹೊರಟೆ. ಮೊದಲ ತಿರುವು ಬಲಕ್ಕೆ, ಬೆರಳ ಕಡೆಯ ಅಂಚಿನ ಮೇಲೆ. ಅಂಚು ಕಚ್ಚಿದಾಗ ಸದ್ದು ಬದಲಾಗುತ್ತದೆ. ಕೆರೆಯುವ ಸದ್ದು ನಿಂತು, ಹೊಸ ಬಟ್ಟೆಗೆ ಕತ್ತರಿ ಹಾಯಿಸಿದಂಥ ಸಣ್ಣ ದನಿ. ಜೋಕಾಲಿ ಕೆಳಗಿಳಿದು ಬರುವಾಗ ಹೊಟ್ಟೆ ಭಾರವಾಗುತ್ತದಲ್ಲ, ಆ ಭಾರ ಕಾಲಿಗಿಳಿಯಿತು. ಮೊಣಕಾಲು ಹಿಮದಿಂದ ಗೇಣುದ್ದ ದೂರ. ತಿರುವು ಮುಗಿಯುವ ಹೊತ್ತಿಗೆ ಬಾಗಿದ ಬೋರ್ಡು ನೆಟ್ಟಗಾಗುತ್ತ ನನ್ನನ್ನು ಮೇಲಕ್ಕೆತ್ತಿತು. ಅರೆಗಳಿಗೆ ಮೈಗೆ ತೂಕವೇ ಇಲ್ಲ. ಅಷ್ಟರಲ್ಲಿ ಇನ್ನೊಂದು ಅಂಚು, ಎಡಕ್ಕೆ. ನಾನು ಕೈ ಚಾಚಲಿಲ್ಲ. ಕೈಗವಸಿಗೆ ಏನೋ ಸವರಿದ ಹಾಗಾಯಿತು. ಹಿಮ! ಅಜ್ಜ ಹೇಳಿದ್ದ ಹಿಮ, ತಾನಾಗಿ ಬಂದದ್ದು.

ಆ ಖುಷಿಯಲ್ಲಿ ಕೈಯನ್ನೇ ನೋಡಿಬಿಟ್ಟೆ. ಹಿಮ್ಮಡಿಯ ಅಂಚು ಟಕಟಕ ಕುಪ್ಪಳಿಸಿತು, ಬಿದ್ದೆ ಅಂದುಕೊಂಡೆ, ಮತ್ತೆ ಹೇಗೋ ಕಚ್ಚಿಕೊಂಡಿತು. ಉಳಿದ ಏಳೆಂಟು ತಿರುವುಗಳಲ್ಲಿ ಮರಗಳ ಅಂಚು ಬಿಟ್ಟು ಬೇರೇನೂ ನೋಡಲಿಲ್ಲ. ಕೆಳಗೆ ನಿಂತಾಗ ತೊಡೆ ನಡುಗುತ್ತಿತ್ತು. ಒಬ್ಬನೇ ನಗುತ್ತಿದ್ದೆ.

ಜಾರಿದ ಗುರುತು ಬಳಿದ ಹಾಗಿರುತ್ತದೆ, ಯಾರದ್ದೂ ಆಗಬಹುದು. ಕಾರ್ವಿಂಗ್‌ನ ಗುರುತು ಹಾಗಲ್ಲ, ಬಳಪದ ಗೆರೆಯಷ್ಟು ಸಣ್ಣ ಸೀಳು. ಲಿಫ್ಟಿನಲ್ಲಿ ಮತ್ತೆ ಮೇಲೆ ಹೋಗುವಾಗ ಇಡೀ ಇಳಿಜಾರಿನ ಮೇಲೆ ನನ್ನ ಸಾಲು ಮಲಗಿತ್ತು. ಕೈಗವಸು ಕಳಚಿ, ಬೆರಳು ಮರಗಟ್ಟುತ್ತಿದ್ದರೂ ಫೋಟೋ ತೆಗೆದೆ. ಹತ್ತೂವರೆಗೆ ಹಿಮ ಪುಡಿಯಾಗಿ ಗುಪ್ಪೆ ಬಿತ್ತು, ಆಮೇಲೆ ಇಳಿದದ್ದೆಲ್ಲ ಲೆಕ್ಕಕ್ಕಿಲ್ಲ.

ಮಗಳಿಗೆ ಫೋಟೋ ತೋರಿಸಿದೆ. "ಹ್ಞೂಂ, ಗೆರೆ" ಅಂದಳು.

ರಾತ್ರಿ ಎಂಟಕ್ಕೆ, ಅಂದರೆ ಊರಿನಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆಗೆ, ಅಪ್ಪನಿಗೆ ಅದೇ ಫೋಟೋ ಕಳಿಸಿ ವಿಡಿಯೋ ಕಾಲ್ ಮಾಡಿದೆ. ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾಯಿತು, ಎತ್ತುಗಳಿಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಇದು ನೀನು ಹೊಡೆದದ್ದಾ?"

"ಹೂಂ ಅಪ್ಪಾ."

"ಸಾಲು ಅಡ್ಡಿಯಿಲ್ಲ. ಮೇಲಿಂದ ಎರಡನೇ ತಿರುವಿನಾಗೆ ಯಾಕೆ ಹಾರೈತೆ? ಎತ್ತು ಬೆದರಿದ್ವಾ?"