ಪಕ್ಕದ ಮನೆಯ ಕುಕ್ಕರ್ ಎಣಿಸುತ್ತಿದ್ದ ಡಬ್ಬಿ

ಕೊನೆಗೂ ಕುಕ್ಕರ್ ವಿಶಲ್ ಎಣಿಸುವ ಡಬ್ಬಿ ಮೂರು ಎಣಿಸಿದಾಗ ನಮ್ಮ ಕುಕ್ಕರ್ ಕೂಗಿದ್ದೂ ಮೂರೇ. ಬೇಳೆ ಬೆಂದಿದೆ, ಅತ್ತೆ ಸುಮ್ಮನಿದ್ದಾರೆ, ಬರೆಯಲು ಪುರುಸೊತ್ತಾಗಿದೆ.

ಡಬ್ಬಿ ಬಂದದ್ದು ಕೊಪ್ಪಳದ ಕಡೆಯಿಂದ. ನನ್ನ ವಿಡಿಯೋ ನೋಡಿ ಸೋಲ್ಡರಿಂಗ್ ಕಲಿತ ಹುಡುಗನೊಬ್ಬ ಹೇಳದೆ ಕೇಳದೆ ಪಾರ್ಸೆಲ್ ಕಳಿಸಿದ್ದ. ಕೊರಿಯರ್‌ನವರು ಅದನ್ನು ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯವರೆಗೆ ಒದ್ದುಕೊಂಡೇ ತಂದ ಹಾಗಿತ್ತು. ಆದರೂ ಒಳಗೆ ಹಳೇ ಪೇಪರಿನ ಉಂಡೆಗಳ ನಡುವೆ ಎಲ್ಲ ಕ್ಷೇಮ. ಸೈಕಲ್ ಕಡ್ಡಿ ಸುತ್ತಿ ಮಾಡಿದ ಸೋಲ್ಡರಿಂಗ್ ಐರನ್ ಸ್ಟ್ಯಾಂಡ್ (ನಾನು ದುಡ್ಡು ಕೊಟ್ಟು ತಂದದ್ದಕ್ಕಿಂತ ಗಟ್ಟಿ, ಈಗ ಮೇಜಿನ ಮೇಲೆ ಇರುವುದು ಅದೇ), ಸ್ಕೆಚ್ ಪೆನ್ನಿನೊಳಗೆ ಕೂರಿಸಿದ ಕಂಟಿನ್ಯುಟಿ ಟೆಸ್ಟರ್ (ತಂತಿ ಎಲ್ಲಾದರೂ ತುಂಡಾಗಿದೆಯೇ ಎಂದು ನೋಡುವಂಥದು), ಮತ್ತೆ ಉಪ್ಪಿನಕಾಯಿ ಡಬ್ಬಿಯಲ್ಲಿ ಈ ವಿಶಲ್ ಕೌಂಟರ್. ಜೊತೆಗೊಂದು ಚೀಟಿ: "ಅಕ್ಕಾರ, ಅವ್ವ ಸೀಟಿ ಎಣಿಸೋದು ಮರೀತಾಳ, ಅದಕ್ಕ ಮಾಡೀನಿ. ನಿಮ್ಮ ಮನ್ಯಾಗೂ ಒಂದು ಇರ್ಲಿ."

ಪುಟ್ಟ ಎಲೆಕ್ಟ್ರೆಟ್ ಮೈಕ್, ಅದರ ಸಿಗ್ನಲ್ ಹಿಗ್ಗಿಸುವ ಎಲ್‌ಎಂ358 ಚಿಪ್, ಕೋಡ್ ಓಡಿಸಿ ಎಣಿಸುವ ಎಟಿಟೈನಿ85 ಚಿಪ್, ಬಜರ್. ಇಷ್ಟೇ. ಜಾಯಿಂಟುಗಳು ನನ್ನವಕ್ಕಿಂತ ನೀಟು.

ಅವನ ಮನೆ ಸುತ್ತ ಹೊಲ. ನಮ್ಮದು ಹಳಿಯ ಪಕ್ಕದ ಕಟ್ಟಡ, ಅಡುಗೆಮನೆ ಕಿಟಕಿ ತೆರೆಯುವುದು ಡಕ್ಟಿಗೆ, ಅಂದರೆ ಎಲ್ಲ ಮನೆಗಳಿಗೂ ಸೇರಿದ ಗಾಳಿಸಂದಿಗೆ. ಲೋಕಲ್ ರೈಲು ಹಾರ್ನ್ ಹೊಡೆದರೂ ಡಬ್ಬಿ ಒಂದು ಎಣಿಸುತ್ತಿತ್ತು. ಅದೇನೂ ಕಷ್ಟವಲ್ಲ, ಹಾರ್ನು ಕೆಲವೇ ನೂರು ಹರ್ಟ್ಸಿನದು, ಕುಕ್ಕರಿನ ಬುಸುಗುಟ್ಟುವಿಕೆ ಕೆಲವು ಸಾವಿರದ್ದು. ಮೈಕಿನ ಮುಂದೆ ಹೈಪಾಸ್ (ಕೀರಲು ಸದ್ದನ್ನಷ್ಟೇ ಒಳಬಿಡುವ ಫಿಲ್ಟರ್) ಹಾಕಿದೆ, ರೈಲು ಹೋಯಿತು.

ಹೋಗದೆ ಉಳಿದವರು ನೆರೆಹೊರೆಯವರು. ಸಂಜೆಯಾದರೆ ಮೇಲಿನವರದು, ಕೆಳಗಿನವರದು, ಎದುರಿನವರದು, ಎಲ್ಲ ಕುಕ್ಕರೂ ಒಂದೇ ಡಕ್ಟಿನಲ್ಲಿ ಕೂಗುತ್ತವೆ. ಫಿಲ್ಟರಿಗೆ ಅವರ ವಿಶಲ್ಲೂ ಒಂದೇ, ನಮ್ಮದೂ ಒಂದೇ. ಪ್ರಿಸೆಟ್ ಎಂಬ ಪುಟ್ಟ ತಿರುಪು ತಿರುಗಿಸಿ ಗೇನ್ (ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬುದು) ಇಳಿಸಿದರೆ ಉರಿ ಸಣ್ಣದಿದ್ದಾಗಿನ ನಮ್ಮ ಮೆತ್ತನೆಯ ಕೂಗೇ ತಪ್ಪಿಹೋಗುತ್ತಿತ್ತು. ಏರಿಸಿದರೆ ಕುಕ್ಕರ್ ಇನ್ನೂ ಬಿಸಿಯಾಗುವ ಮೊದಲೇ ಬಜರ್. "ಪಕ್ಕದವರ ಬೇಳೆ ಬೆಂದದ್ದಕ್ಕೆ ನಮ್ಮ ಗ್ಯಾಸ್ ಆರಿಸುವುದಾ ಮಾರಾಯ್ತಿ?" ಎಂದರು ಅತ್ತೆ. ನ್ಯಾಯವಾದ ಪ್ರಶ್ನೆ.

ಕೇಳುವ ಬದಲು ಮುಟ್ಟಿ ನೋಡೋಣ ಎಂದು ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪೀಜೋ ಡಿಸ್ಕಿಗೆ ಬಂದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಒಂದೆರಡು ಕೊಡುವುದಿಲ್ಲ, ಪ್ಯಾಕೆಟ್ಟೇ ತಗೊಳ್ಳಿ ಎಂದ. ಪ್ಯಾಕೆಟ್ ಮೇಲೆ 27 ಮಿ.ಮೀ. ಅಂತಿದೆ, ಒಳಗೆ ಅರ್ಧ 20ರದ್ದು. ದಾದರಿನಲ್ಲಿ ಗಾಡಿ ಬದಲಿಸಿ ಮತ್ತೆ ಆ ಅಂಗಡಿಯ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹೋಗಿ ಜಗಳವಾಡುವ ಉಮೇದು ಯಾರಿಗಿದೆ? ಆನ್‌ಲೈನಿನವನು ಇನ್ನೂ ಮೇಲು: ಸ್ಪೇರ್ ಇರಲಿ ಎಂದು ಟೈನಿ85 ತರಿಸಿದರೆ ಟೈನಿ13 ಕಳಿಸಿದ್ದಾನೆ. ಕೋಡ್ ತುಂಬಲು 8 ಕೆಬಿ ಜಾಗ ಕೇಳಿದವಳಿಗೆ 1 ಕೆಬಿ.

ಡಿಸ್ಕನ್ನು ಅಡುಗೆ ಕಟ್ಟೆಯ ಗ್ರಾನೈಟಿಗೆ ಅಂಟಿಸಿದೆ. ಮಿಕ್ಸಿ ಹಾಕಿದರೆ ಸಿಗ್ನಲ್ಲಿನ ಗೆರೆ ತೋರಿಸುವ ಸ್ಕೋಪಿನಲ್ಲಿ ಜಾತ್ರೆ, ಕುಕ್ಕರ್ ಕೂಗಿದರೆ ಗೆರೆ ಅಲುಗಾಡುವುದಿಲ್ಲ. ಸ್ಟೋವಿನ ಕಾಲಿಗೆ ರಬ್ಬರ್ ಬುಷ್ ಇದೆಯಲ್ಲ, ಕಂಪನವೆಲ್ಲ ಅಲ್ಲೇ ಸಾಯುತ್ತದೆ. ಹಾಗಿದ್ದರೆ ಆ ರಬ್ಬರು ನಮ್ಮ ಕಡೆಗೇ ಕೆಲಸ ಮಾಡಲಿ ಎಂದು ಡಿಸ್ಕನ್ನು ಸ್ಟೋವಿನ ಮೈಗೇ ಹತ್ತಿಸಿದೆ, ನಾಬ್‌ಗಳ ಪಕ್ಕದ ಸ್ಟೀಲ್ ತಗಡಿನ ಮೇಲೆ, ಕೈ ಇಡಬಹುದಾದಷ್ಟೇ ಬಿಸಿ ಇರುವ ಜಾಗದಲ್ಲಿ. ಈಗ ಮಿಕ್ಸಿ ಹೊರಗೆ, ಕುಕ್ಕರ್ ಒಳಗೆ! ಗ್ಲೂ ಗನ್ ಅಂಟು ಮಾತ್ರ ಸಾಲದು, ಬಿಸಿಗೆ ಮೆತ್ತಗಾಗಿ ಜಾರುತ್ತದೆ. ಎಪಾಕ್ಸಿಯೇ ಆಗಬೇಕು.

ಪಾತ್ರೆ ಕುಕ್ಕುವ ಧಡಬಡಕ್ಕೆ ಬೇರೆ ಫಿಲ್ಟರ್ ಕಟ್ಟಲಿಲ್ಲ. ಡಿಸ್ಕೇ ಒಂದು ಕೆಪಾಸಿಟರ್, ಜೊತೆಗೊಂದು ರೆಸಿಸ್ಟರ್ ಸೇರಿದರೆ ಅದೇ ಹೈಪಾಸ್. 27ರ ಡಿಸ್ಕ್ ಅಂದರೆ ಹತ್ತಿರ ಹತ್ತಿರ 20 ನ್ಯಾನೋಫ್ಯಾರಡ್. ಅದರ ಮೇಲೆ ಎಲ್ಲರೂ ಹಾಕುವ 1 ಮೆಗಾ ಓಮ್ ರೆಸಿಸ್ಟರ್ ಇದ್ದರೆ 8 ಹರ್ಟ್ಸಿನಿಂದಲೇ ಎಲ್ಲ ಒಳಗೆ ಬರುತ್ತದೆ, 4.7 ಕಿಲೋ ಓಮ್ ಹಾಕಿದರೆ ಬಾಗಿಲು ಸುಮಾರು 1.7 ಕಿಲೋಹರ್ಟ್ಸಿಗೆ ಏರುತ್ತದೆ. ಸಿಗ್ನಲ್ ಸೊರಗುತ್ತದೆ ನಿಜ, ಅದನ್ನು ಹಿಗ್ಗಿಸಲು 358ರೊಳಗಿನ ಎರಡು ಆಂಪ್ಲಿಫೈಯರುಗಳಲ್ಲಿ ಒಂದು ಹೇಗೂ ಖಾಲಿ ಕೂತಿತ್ತು. ಕೋಡಿನಲ್ಲಿ ಒಂದೇ ಷರತ್ತು: ಮೈಕೂ ಡಿಸ್ಕೂ ಒಟ್ಟಿಗೆ ಒಂದು ಸೆಕೆಂಡಿಗಿಂತ ಹೆಚ್ಚು ಹೂಂ ಅಂದರೆ ಮಾತ್ರ ಎಣಿಕೆ.

ಉಳಿದ ಡಿಸ್ಕುಗಳಿಗೂ ಗತಿ ಕಾಣಿಸಿದ್ದೇನೆ. ನಮ್ಮವರಿಗೆ ಚಂಡೆಯ ಹುಚ್ಚು, ಸೊಸೈಟಿಯವರಿಗೆ ಚಂಡೆಯೆಂದರೆ ತಲೆನೋವು. ರಬ್ಬರ್ ಪ್ಯಾಡಿನ ಕೆಳಗೆ ಡಿಸ್ಕ್, ವೋಲ್ಟೇಜ್ ಮೇಲೇರದಂತೆ ತಡೆಯಲು 5.1 ವೋಲ್ಟ್ ಜೀನರ್ ಡಯೋಡ್ (ಜೋರಾಗಿ ಹೊಡೆದರೆ ಹತ್ತಾರು ವೋಲ್ಟ್ ಚಿಮ್ಮುತ್ತದೆ, ಚಿಪ್ಪಿನ ಪಿನ್ ಸುಟ್ಟೀತು), ಸದ್ದು ಹೆಡ್‌ಫೋನಿಗೆ. ಅಲ್ಲಿ 1 ಮೆಗಾ ಓಮೇ ಸರಿ. ಗಣಪತಿ ಹಬ್ಬದೊಳಗೆ ಮುಗಿಸುವ ಆಸೆ.

ಕುಕ್ಕರಿಗೆ ಬಂದರೆ, ಪಕ್ಕದ ಬರ್ನರಿನ ಬಾಣಲೆಯನ್ನು ಸಟ್ಟುಗದಲ್ಲಿ ಕೆರೆದರೆ ಈಗಲೂ ಒಮ್ಮೊಮ್ಮೆ ಸುಳ್ಳು ಎಣಿಕೆ. ಇನ್ನೊಂದು ತಕರಾರು ನನ್ನದೇ. ಒಳಗಿನ ಒತ್ತಡ ಹೊರಗಿಗಿಂತ ಸುಮಾರು 15 ಪಿಎಸ್‌ಐ ಹೆಚ್ಚಿರುವಾಗ ನೀರು 120 ಡಿಗ್ರಿ ಹತ್ತಿರ ಇರುತ್ತದೆ. ಬೇಳೆ ಬೇಯುವುದು ಆ ಶಾಖದಲ್ಲಿ ಕಳೆದ ನಿಮಿಷಗಳಿಂದ, ಕೂಗಿನಿಂದಲ್ಲ. ಮೊದಲ ವಿಶಲ್ಲಿನಿಂದ ನಿಮಿಷ ಎಣಿಸುವುದೇ ಸರಿ ಎಂದರೆ ಅತ್ತೆ ಒಪ್ಪುವುದಿಲ್ಲ. ಹಾಗಾಗಿ ಎರಡಕ್ಕೂ ಒಂದು ಸ್ವಿಚ್.

ಹುಡುಗನಿಗೆ ನಾಲ್ಕು ಡಿಸ್ಕ್, ಎಪಾಕ್ಸಿ, ಹೊಸ ಕೋಡ್ ಕಳಿಸಿದೆ. ಉತ್ತರ ಬಂತು: "ಮುಟ್ಟ್ಯಾವ ಅಕ್ಕಾರ. ಆದ್ರ ಅವ್ವ ಕಾಳು ಬೇಯಿಸೋದು ಹಿತ್ತಲದಾಗ ಕಟ್ಟಿಗಿ ಒಲಿ ಮ್ಯಾಲ. ಎಲ್ಲಿ ಅಂಟಸ್ಲಿ?" ಕುಕ್ಕರಿನ ಹಿಡಿಗೇ ಕ್ಲಿಪ್ ಹಾಕಿ ನೋಡಬೇಕು. ಹಿಡಿಯ ಬೇಕಲೈಟ್ ಪ್ಲಾಸ್ಟಿಕ್ ಎಷ್ಟು ಕಂಪನ ದಾಟಿಸುತ್ತದೆಂದು ಈ ಭಾನುವಾರ ಅಳೆಯುತ್ತೇನೆ.