ಮಳೆ ಮರದ ರಾಶಿ ಕೊನೆಗೂ ಬಿಸಿಯಾಯಿತು

58 ಡಿಗ್ರಿ! ಒಣ ಎಲೆ ತುಂಬಿದ ಜಾಲರಿ ಗೂಡಿನ ಮಧ್ಯಕ್ಕೆ ಥರ್ಮಾಮೀಟರ್ ಇಳಿಸಿದಾಗ ಮುಳ್ಳು 40 ದಾಟಿತು, 50 ದಾಟಿತು, ಮತ್ತೂ ಏರಿತು. ರಾಶಿ ಹೀಗೆ ಕಾದರೆ ಎಲೆ ಚೆನ್ನಾಗಿ ಕೊಳೆತು ಗೊಬ್ಬರವಾಗುತ್ತಿದೆ ಅಂತ ಅರ್ಥ. ಎಲೆಗೊಬ್ಬರ ಮಾಡುವವರಿಗೆ ಈ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಇದೊಂದು ಆಗಲೇಬೇಕು ಅಂತ ಹಟ ಹಿಡಿದಿದ್ದೆ. ಆಯಿತು.

ನಾನಿದ್ದದ್ದು ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ. ಬೀದಿಯಲ್ಲಿ ಬೀಳುವ ಎಲೆಯನ್ನು ಅದೇ ಬಡಾವಣೆಯ ಪಾರ್ಕಿನಲ್ಲಿ ಗೊಬ್ಬರ ಮಾಡಿ, ಅಲ್ಲಿನ ಗಿಡಗಳಿಗೇ ಹಾಕಬೇಕು ಅನ್ನುವುದು ಅವರ ಕೆಲಸ. ಸುಡಬಾರದು, ಲಾರಿಗೂ ತುಂಬಬಾರದು. ಸುಡುವುದಕ್ಕೆ ಕಾನೂನಿನ ತಡೆಯೂ ಇದೆ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂದಿತು. ಆದರೂ ಫೆಬ್ರವರಿ ಬಂದರೆ ಬೆಳಗಿನ ಹೊತ್ತು ಮೂಲೆ ಮೂಲೆಯಲ್ಲಿ ಹೊಗೆ. ಲಾರಿಗೆ ತುಂಬಿದ ಕಸ ಎಲ್ಲಿಗೆ ಹೋಗುತ್ತಿತ್ತು ಅನ್ನುವುದನ್ನು ಬೆಂಗಳೂರಿನ ಹೊರಗಿನ ಮಂಡೂರಿನವರು ಚೆನ್ನಾಗಿ ಬಲ್ಲರು. ಊರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ನಮ್ಮ ಬೀದಿ ಎಲೆ ಇನ್ನೊಬ್ಬರ ಊರಿಗೆ ಹೋಗಬಾರದು. ಈ ಕೆಲಸಕ್ಕೆ ನಾನು ಸೇರಿದ್ದೇ ಅದಕ್ಕೆ.

ಜಾಲರಿಯ ಗೂಡು ಕಟ್ಟಿ ಎಲೆಯನ್ನು ಪದರ ಪದರವಾಗಿ ತುಂಬುವುದು, ಬೇಗ ಕೊಳೆಯಲಿ ಅಂತ ಸಗಣಿ ನೀರು, ಹುಳಿ ಮಜ್ಜಿಗೆ, ಬೆಲ್ಲ ಹಾಕುವುದು, ಇವುಗಳ ವಿವರ ಬಿಡುತ್ತೇನೆ. ನೇರವಾಗಿ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ.

ಪಾರ್ಕಿನಲ್ಲಿ ಅಕ್ಕಪಕ್ಕ ಎರಡು ಗೂಡು. ಒಂದೇ ಅಳತೆ, ಒಂದೇ ದಿನ ತುಂಬಿದ್ದು. ಅದೇ ಸಗಣಿ, ಅದೇ ನೀರು, ಹತ್ತಿರದ ದರ್ಶಿನಿಯಿಂದ ತಂದ ಅದೇ ಕಾಫಿ ಚರಟ. ಒಂದು ಗೂಡು ಬೇಗನೆ ಕಾವು ಏರಿ 50ರ ಮೇಲೆ ಹೋಯಿತು. ಇನ್ನೊಂದು 38, 39, 40 ಅಂತ ಅಲ್ಲೇ ಕೂತಿತು. ಮಗುಚಿ ಹಾಕಿದರೆ ಒಂದು ದಿನ ಸ್ವಲ್ಪ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಜೊತೆಗೆ ಹುಳಿ ವಾಸನೆ. ಸಂಜೆ ವಾಕಿಂಗ್ ಬರುವ ಹಿರಿಯರು ಮೂಗು ಮುಚ್ಚಿಕೊಂಡು ಆ ಕಡೆಯಿಂದ ಸುತ್ತಿ ಹೋಗುತ್ತಿದ್ದರು. ಪಾರ್ಕಿನ ಜನ ಬೇಡ ಅಂದರೆ ಗೂಡು ಕೀಳಲೇಬೇಕು. ಹಾಗಾಗಿ ಇದು ಬರೀ ಗೊಬ್ಬರದ ಪ್ರಶ್ನೆ ಆಗಿರಲಿಲ್ಲ.

ಎಲೆ ಬೇಗ ಕೊಳೆಯಲಿ ಅಂತ ಹಾಕುವ ಸೂಕ್ಷ್ಮಜೀವಿಗಳ ಪುಡಿಗೆ ಕಲ್ಚರ್ ಅನ್ನುತ್ತಾರೆ. ಆ ಪುಡಿ ಮಾರುವವರಿಗೆ ಫೋನ್ ಮಾಡಿದೆ. "ಇನ್ನೆರಡು ಪ್ಯಾಕೆಟ್ ಹಾಕಿ ಮೇಡಂ" ಅಂದರು. ಹಾಕಿದ್ದಾಯಿತು, ಮುಳ್ಳು ಕದಲಲಿಲ್ಲ. ಎಲೆ ಮೇಲೂ ಸಗಣಿಯಲ್ಲೂ ಬೇಕಾದಷ್ಟು ಸೂಕ್ಷ್ಮಜೀವಿಗಳು ಮೊದಲೇ ಇರುತ್ತವೆ. ಪಕ್ಕದ ಗೂಡು ಅವುಗಳಿಂದಲೇ ಕಾಯುತ್ತಿರುವಾಗ ಈ ಪುಡಿಗೆ ಯಾಕೆ ದುಡ್ಡು ಸುರಿಯಬೇಕು? ಥರ್ಮಾಮೀಟರ್ ಕಥೆ ಇನ್ನೂ ಬೇಸರದ್ದು. 50 ಸೆಂಟಿಮೀಟರ್ ಕಡ್ಡಿ ಇರುವುದು ಬೇಕು ಅಂತ ಬರೆದು ಕೊಟ್ಟರೂ ಅಂಗಡಿಯವರು ಅಡುಗೆಮನೆಯದನ್ನು ಕಳಿಸಿದರು. ಅದು ರಾಶಿಯ ಸಿಪ್ಪೆಯ ಬಿಸಿ ಬಿಟ್ಟು ಬೇರೇನೂ ಹೇಳುವುದಿಲ್ಲ. ವಾಪಸ್ ಕಳಿಸಿ ಸರಿಯಾದ್ದು ಬರುವಷ್ಟರಲ್ಲಿ ಎಷ್ಟು ಹೊತ್ತು ಹಾಳಾಯಿತು! ಇಂಥ ಸಂಸ್ಥೆಗಳಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಇರುತ್ತದೆ. ಮಾರುವವರು ಅದನ್ನು ಸ್ವಲ್ಪ ಯೋಚಿಸಬೇಕು.

ಸುಳಿವು ಸಿಕ್ಕಿದ್ದು ಎಲೆ ತರುವ ಪೌರಕಾರ್ಮಿಕ ಅಕ್ಕನ ಮಾತಿನಿಂದ. ಯಾವ ಮೂಟೆ ಯಾವ ಬೀದಿಯದು ಅಂತ ಸುಮ್ನೆ ಕೇಳಿದ್ದೆ. "ಈ ಕಡೇದೆಲ್ಲಾ ಸ್ಕೂಲ್ ಬೀದೀದು ಕಣಮ್ಮಾ. ಅಲ್ಲಿ ಬರೀ ಪುಡಿ ಎಲೆ ಬೀಳೋದು" ಅಂದರು. ಸ್ಕೂಲ್ ಬೀದಿ ತುಂಬ ಮಳೆ ಮರ, ಗುಲ್‌ಮೊಹರ್. ಬಿಸಿಯಾದ ಗೂಡಿನ ಎಲೆ ಬಂದದ್ದು ಮಹಾಗನಿ ಮತ್ತು ಕಾಡುಬಾದಾಮಿ ಇರುವ ಬೀದಿಯಿಂದ.

ಇಲ್ಲೇ ನನಗೆ ಗೊಂದಲವಾದದ್ದು. ಮಳೆ ಮರ ದ್ವಿದಳ ಜಾತಿಯದು, ಎಲೆಯಲ್ಲಿ ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಸಾಮಾನ್ಯವಾಗಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ರಾಶಿ ಚೆನ್ನಾಗಿ ಕಾಯಲು ಇಂಗಾಲ 25ರಿಂದ 30 ಪಾಲಿಗೆ ಸಾರಜನಕ 1 ಪಾಲು ಇರಬೇಕು ಅಂತ ಗೊಬ್ಬರ ಮಾಡುವ ನಾವೆಲ್ಲ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕದಲ್ಲಿ ಮಳೆ ಮರದ ರಾಶಿಯೇ ಮೊದಲು ಕಾಯಬೇಕಿತ್ತು. ಒರಟು ತೊಗಲಿನ ಮಹಾಗನಿ ಎಲೆ ಹಿಂದೆ ಬೀಳಬೇಕಿತ್ತು. ಆದದ್ದು ಪೂರಾ ಉಲ್ಟಾ.

ಸರಿ, ತಣ್ಣಗಿದ್ದ ಗೂಡಿನ ಒಂದು ಮಗ್ಗುಲ ಜಾಲರಿ ಬಿಚ್ಚಿ, ಸನಿಕೆಯಿಂದ ನೆಟ್ಟಗೆ ಮೇಲಿಂದ ಕೆಳಗೆ ಕಡಿದು ನೋಡಿದೆ. ಹೊರಗಿನ ಒಂದು ಗೇಣು ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ಒದ್ದೆಯಾದ ಚಿರೋಟಿ ರವೆಯ ಹಾಗೆ ಒತ್ತಿಕೊಂಡು ಕೂತ ಕರಿ ಮುದ್ದೆ. ಗುಲ್‌ಮೊಹರ್‌ನ ಒಂದೊಂದು ಕಿರುಎಲೆ ಒಂದು ಸೆಂಟಿಮೀಟರ್ ಉದ್ದ ಇದ್ದರೆ ಹೆಚ್ಚು. ನೀರು ಬಿದ್ದ ಕೂಡಲೇ ಒಂದಕ್ಕೊಂದು ಅಂಟುತ್ತವೆ. ಮಹಾಗನಿ ಎಲೆ ಹಾಗಲ್ಲ. ಒಣಗಿದಾಗ ಸುರುಳಿಯಾಗುತ್ತದೆ, ಪ್ರತಿ ಸುರುಳಿಯೊಳಗೂ ಗಾಳಿ ಉಳಿಯುತ್ತದೆ. ರಾಶಿಯ ಮಧ್ಯದ ಬಿಸಿಗಾಳಿ ಮೇಲೆ ಹೋದಾಗ ಪಕ್ಕದಿಂದ ತಂಪು ಗಾಳಿ ಒಳಗೆ ಬರಬೇಕು. ಬರಲು ದಾರಿಯೇ ಇಲ್ಲದಿದ್ದರೆ ಆಮ್ಲಜನಕ ಮುಗಿಯುತ್ತದೆ, ಹುಳಿ ಆಮ್ಲಗಳು ಹುಟ್ಟುತ್ತವೆ, ಕಾವು ಹುಟ್ಟುವುದಿಲ್ಲ. ಸಾರಜನಕ ಎಷ್ಟಿದ್ದರೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರು ಬೇಕು ಅಲ್ವಾ?

ಕಣ್ಣಂದಾಜು ಸಾಲದು ಅನ್ನಿಸಿ ಬಕೆಟ್ ಪರೀಕ್ಷೆ ಮಾಡಿದೆ. 20 ಲೀಟರ್ ಬಕೆಟ್‌ಗೆ ರಾಶಿಯ ಎಲೆಯನ್ನು ಮೂರು ಕಂತಿನಲ್ಲಿ ತುಂಬಿ, ಪ್ರತಿ ಕಂತಿಗೂ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಕೂರಿಸಬೇಕು. ಬಾಯಿಮಟ್ಟ ತುಂಬಿದ ಮೇಲೆ ಅಳೆದು ನೀರು ಹೊಯ್ಯಬೇಕು. ಎಷ್ಟು ನೀರು ಹಿಡಿಯಿತೋ ಅಷ್ಟು ಗಾಳಿ ಜಾಗ. ಕಡಿಮೆ ಅಂದರೂ 6 ಲೀಟರ್, ಅಂದರೆ ಶೇ 30 ಇರಬೇಕು. ಮಹಾಗನಿ ಬಕೆಟ್ 10 ಲೀಟರ್ ಹತ್ತಿರ ಕುಡಿಯಿತು. ಮಳೆ ಮರದ್ದು 4 ಲೀಟರ್‌ಗೇ ತುಂಬಿ ಹರಿಯಿತು. ಇಷ್ಟು ಅಗ್ಗದ, ಇಷ್ಟು ನಿಖರವಾದ ಪರೀಕ್ಷೆ ಇನ್ನೊಂದಿಲ್ಲ. ದಯವಿಟ್ಟು ಕಲ್ಚರ್ ಪುಡಿ ಕೊಳ್ಳುವ ಮೊದಲು ಇದನ್ನು ಮಾಡಿ.

ಮೊದಲು ಮಧ್ಯಕ್ಕೆ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪ್ ನಿಲ್ಲಿಸಿದೆ. ಪೈಪಿನ ಸುತ್ತ ಒಂದು ಗೇಣು ಮಾತ್ರ ಬಿಸಿಯಾಯಿತು, ಆಚೆಗೆ ಅದೇ ಮುದ್ದೆ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೆರೆಸಿ ಅಂತ ಕೆಲವರು ಹೇಳಿದರು. ಅದು ನೀರು ಹೀರುತ್ತದೆ, ನಿಜ. ಆದರೆ ಅದೂ ಸಣ್ಣ ಪುಡಿಯೇ, ಜಾಗ ತೆರೆಯುವುದಿಲ್ಲ. ಬೇಕಾಗಿದ್ದದ್ದು ಗಟ್ಟಿಯಾದ, ಬೇಗ ಕೊಳೆಯದ ದಪ್ಪ ಸಾಮಾನು. ಪಾರ್ಕಿನಲ್ಲೇ ಸವರಿ ಹಾಕಿದ ರೆಂಬೆ ಬಿದ್ದಿತ್ತು. ಮಾಲಿ ಅಣ್ಣ ಮಚ್ಚಿನಲ್ಲಿ ಬೆರಳುದ್ದದ ತುಂಡು ಮಾಡಿಕೊಟ್ಟರು. ಎಳನೀರು ಅಂಗಡಿಯ ಒಣ ಬುರುಡೆಗಳನ್ನೂ ಸೀಳಿ ಚೂರು ಮಾಡಿದೆವು. ಮೂರು ಬುಟ್ಟಿ ಪುಡಿ ಎಲೆಗೆ ಒಂದು ಬುಟ್ಟಿ ಈ ಚೂರು. ಪದರವಾಗಿ ಅಲ್ಲ, ಪೂರ್ತಿ ಕಲಸಿ ಹಾಕಿದ್ದು. ಬಕೆಟ್ ಈಗ 7 ಲೀಟರ್‌ಗಿಂತ ಜಾಸ್ತಿ ಹಿಡಿಯಿತು. ಎರಡು ಮೂರು ದಿನದಲ್ಲಿ ಮುಳ್ಳು 58ಕ್ಕೆ ಬಂತು. ಮಹಾಗನಿ ಗೂಡು ಇವತ್ತಿಗೂ ಅಷ್ಟು ಏರಿಲ್ಲ. ಗಾಳಿ ಸಿಕ್ಕ ಮೇಲೆ ಮಳೆ ಮರದ ಸಾರಜನಕ ತನ್ನ ಕೆಲಸ ತೋರಿಸಿತು. ಹುಳಿ ವಾಸನೆಯೂ ಹೋಯಿತು. ಗೊಬ್ಬರ ಜರಡಿ ಹಿಡಿದಾಗ ಮೇಲೆ ಉಳಿಯುವ ಚೂರುಗಳನ್ನು ಮುಂದಿನ ರಾಶಿಗೆ ಹಾಕಬಹುದು, ಅದೂ ಪುಕ್ಕಟೆ.

ಈಗ ಬೀದಿಯಲ್ಲಿ ನಡೆಯುವಾಗ ಮರವನ್ನು ನೋಡುವ ರೀತಿಯೇ ಬದಲಾಗಿದೆ. ಬೆಂಗಳೂರಿನಲ್ಲಿ ಒಂದಾದ ಮೇಲೊಂದು ಮರ ಹೂ ಬಿಡುತ್ತಲೇ ಇರಬೇಕು ಅಂತ ಲಾಲ್‌ಬಾಗ್‌ನ ಜರ್ಮನ್ ತೋಟಗಾರ ಕ್ರುಂಬಿಗಲ್ ಯೋಚಿಸಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಕಾಲದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಆ ನೆರಳಲ್ಲಿ ಓಡಾಡುವ ನಮಗೆ ಆ ಎಲೆ ನೋಡಿಕೊಳ್ಳುವ ಹೊಣೆಯೂ ಇದೆ. ಸಂಸ್ಥೆಗೆ ನಾನು ಬಿಟ್ಟು ಹೋಗುತ್ತಿರುವುದು ಒಂದು ನಕ್ಷೆ. ಬಡಾವಣೆಯ ಪ್ರತಿ ಬೀದಿಯ ಮುಖ್ಯ ಮರ ಯಾವುದು, ಅದರ ಎಲೆಗೆ ಎಷ್ಟು ಚೂರು ಬೆರೆಸಬೇಕು ಅನ್ನುವುದು ಅದರಲ್ಲಿದೆ. ಅರ್ಧದಷ್ಟು ಬೀದಿಗಳನ್ನು ಹೇಳಿಕೊಟ್ಟವರು ಅದೇ ಅಕ್ಕ. ಅವರ ಹೆಸರನ್ನು ನಕ್ಷೆಯ ಮೇಲೆ ನನ್ನ ಹೆಸರಿಗಿಂತ ಮೊದಲು ಬರೆದಿದ್ದೇನೆ.

ಮುಂದಿನ ಕೆಲಸ ಬಯೋಚಾರ್, ಅಂದರೆ ಮಣ್ಣಿಗೆ, ಗೊಬ್ಬರಕ್ಕೆ ಬೆರೆಸುವ ಇದ್ದಿಲು. ನಮ್ಮೂರು ತಿಪಟೂರಿನ ಕಡೆ, ಕೊಬ್ಬರಿ ಸುಲಿದ ಮನೆಗಳಲ್ಲಿ ಚಿಪ್ಪಿಗೆ ಬರವಿಲ್ಲ. ಶಂಕುವಿನಾಕಾರದ ಗುಂಡಿಯಲ್ಲಿ ಮೇಲಿನಿಂದ ಬೆಂಕಿ ಹಚ್ಚಿ, ಬೂದಿ ಬಿಳಿಯಾಗುತ್ತಿದ್ದ ಹಾಗೆ ಹೊಸ ಪದರ ಹಾಕುತ್ತಾ ಹೋಗುವುದು, ಕೊನೆಗೆ ನೀರು ಹೊಯ್ದು ಆರಿಸುವುದು. ಮೇಲಿನ ಜ್ವಾಲೆ ಹೊಗೆಯನ್ನೂ ಸುಡುತ್ತದೆ. ಆ ಇದ್ದಿಲಿಗೆ ಸಗಣಿ ನೀರು ಕುಡಿಸಿ ಎಲೆ ರಾಶಿಗೆ ಬೆರೆಸಿದರೆ ಗಾಳಿ ಜಾಗವೂ ಸಿಗಬಹುದು, ಅಮೋನಿಯಾ ಅನಿಲವಾಗಿ ಹಾರಿಹೋಗುವ ಸಾರಜನಕವನ್ನೂ ಹಿಡಿದಿಡಬಹುದು ಅಂತ ಆಸೆ. ಗುಂಡಿಯ ಗೋಡೆ ಎಷ್ಟು ಓರೆ ಇರಬೇಕು ಅಂತ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ನಮ್ಮದು ಕೆಂಪು ಮಣ್ಣು, ಅಂಚು ಬೇಗ ಕುಸಿಯುತ್ತದೆ.