ಬಾದಾಮಿಗೆ ಹೊರಟವಳು ನವನಗರದಲ್ಲಿ ಕೂತೆ

ಮದುವೆಯ ರಾತ್ರಿ ಗೆಳತಿಯ ಜೊತೆ ಕೂತು ಆಯೇರಿ ಕವರುಗಳನ್ನು ಬಿಡಿಸುತ್ತಿದ್ದೆ. ನಮ್ಮ ಮೈಸೂರಿನಲ್ಲಿ ಅದನ್ನು ಮುಯ್ಯಿ ಅನ್ನುತ್ತೇವೆ. ಅವಳು ನೋಟು ಎಣಿಸುವುದು, ನಾನು ಪುಸ್ತಕದಲ್ಲಿ ಹೆಸರು ಬರೆಯುವುದು. ಒಂದು ಕವರಿನ ಮೇಲೆ ಹೆಸರೇ ಇರಲಿಲ್ಲ. ನೀಲಿ ಶಾಯಿಯಲ್ಲಿ ದೊಡ್ಡದಾಗಿ "8" ಅಂತ ಮಾತ್ರ ಇತ್ತು. ಎಂಟುನೂರು ಇರಬಹುದು ಅಂತ ತೆಗೆದರೆ ಒಳಗೆ ಐನೂರ ಒಂದು ರೂಪಾಯಿ.

"ಅದು ಕಾಕಾಂದು," ಅಂತ ಗೆಳತಿ ನಕ್ಕಳು. "ಟೆಲಿಗ್ರಾಂ ಆಫೀಸಿನಾಗ ಇದ್ರು. ಯಾರ ಮದುವಿ ಇದ್ರೂ ಎಂಟ ಬರೀತಾರ."

ಹಿಂದೆ ಶುಭಾಶಯದ ಟೆಲಿಗ್ರಾಂಗೆ ಪೂರ್ತಿ ವಾಕ್ಯ ಬರೆಸಬೇಕಿರಲಿಲ್ಲವಂತೆ. ಇಲಾಖೆಯೇ ಸಿದ್ಧ ವಾಕ್ಯಗಳಿಗೆ ನಂಬರ್ ಕೊಟ್ಟಿತ್ತು. ಈ ಕಡೆಯಿಂದ ನಂಬರ್ ಹೋಗುತ್ತಿತ್ತು, ಆ ಕಡೆಯವರು ವಾಕ್ಯ ಬರೆದುಕೊಳ್ಳುತ್ತಿದ್ದರು. 8 ಅಂದರೆ ಗಂಡ ಹೆಂಡತಿ ಬಹುಕಾಲ ಸುಖವಾಗಿ ಬಾಳಲಿ ಅನ್ನೋ ಹಾರೈಕೆ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತೇ ಹೋಯಿತು. ಕಾಕಾ ನಿಲ್ಲಿಸಿಲ್ಲ.

"ನಾಳೆ ಬಾದಾಮಿ ನೋಡ್ಕೊಂಡ್ ಬಾ. ನಾಡಿದ್ದು ಕಾಕಾನ ಮನಿಗೆ ಹೋಗೂಣು. ಅವರ ಮಾಳಿಗಿ ಮ್ಯಾಲ ಹ್ಯಾಮ್ ರೇಡಿಯೋ ಕ್ಲಬ್ ಐತಿ." ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು, ಬರೀ ಹವ್ಯಾಸಕ್ಕೆ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತಾಡುವವರು.

ಬಾದಾಮಿ ನೋಡಿದೆ, ಪಟ್ಟದಕಲ್ಲೂ ನೋಡಿದೆ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮೂರನೇ ಗುಹೆಯಲ್ಲಿ 578ರ ಶಾಸನ ಎಲ್ಲಿದೆ ಅಂತ ಹುಡುಕಿಕೊಂಡು ಹೋದವಳು, ಕೋತಿಗೆ ಬಾಳೆಹಣ್ಣು ಕೊಟ್ಟು ವಾಪಸ್ ಬಂದೆ. ಕೊಟ್ಟೆ ಅನ್ನುವುದು ಮರ್ಯಾದೆಗೆ.

ಮೂರನೇ ದಿನ ಗೆಳತಿಗೆ ಬೀಗರ ಕಡೆಯಿಂದ ಕರೆ ಬಂತು. ನೀನೇ ಹೋಗು ಅಂದಳು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯುರಿ ಇನ್ನೂ ಹೋಗಿಲ್ಲ. ಕಾಕಾ ಇರುವ ಬಾಗಲಕೋಟೆ ಅಂದರೆ ಎರಡು ಊರು. ಹಳೇ ಊರು ಘಟಪ್ರಭೆಯ ದಡದಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಅದರ ಒಂದು ಭಾಗ ಮುಳುಗಿತು. ಮನೆ ಕಳೆದುಕೊಂಡವರಿಗೆ ಕೆಲವು ಕಿಲೋಮೀಟರ್ ಆಚೆ ನವನಗರ ಕಟ್ಟಿದರು. ನವನಗರದಲ್ಲಿ ಓಣಿಯ ಹೆಸರಿಗಿಂತ ಸೆಕ್ಟರ್ ನಂಬರೇ ಮುಖ್ಯ. ನಾನು ಮನೆ ನಂಬರ್ ಕೇಳಿಕೊಂಡಿದ್ದೆ, ಸೆಕ್ಟರ್ ಕೇಳಿರಲಿಲ್ಲ. ಅದೇ ನಂಬರಿನ ಮೂರು ಮನೆಗಳ ಬಾಗಿಲು ತಟ್ಟಿದೆ. ಒಂದು ಮನೆಯಲ್ಲಿ ನನ್ನನ್ನು ಗಣತಿಯವಳು ಅಂದುಕೊಂಡು ರೇಷನ್ ಕಾರ್ಡ್ ತಂದು ಮುಂದಿಟ್ಟರು. ಆಟೋದವನು ಮೀಟರ್ ಮಾತೇ ಎತ್ತದೆ ಮುನ್ನೂರು ಇಸಿದುಕೊಂಡ. ಸೆಕ್ಟರ್ ನಂಬರ್ ಇಲ್ಲದೆ ನವನಗರದಲ್ಲಿ ಆಟೋ ಹತ್ತಬೇಡಿ.

ಕೊನೆಗೆ ದಾರಿ ತೋರಿಸಿದ್ದು ತಂತಿ. ಒಂದು ಮನೆಯ ಮಾಳಿಗೆಯಿಂದ ಎದುರಿನ ಬೇವಿನ ಮರಕ್ಕೆ ಉದ್ದನೆ ತಾಮ್ರದ ತಂತಿ ಎಳೆದಿತ್ತು. ಬಟ್ಟೆ ಒಣಗಿಸುವ ತಂತಿ ಅಷ್ಟು ಎತ್ತರದಲ್ಲಿ ಇರುವುದಿಲ್ಲ ಅಲ್ವಾ? ಇದೇ ಮನೆ ಅಂದುಕೊಂಡೆ.

"ಬಾರವ್ವ ತಂಗಿ, ಬಾ. ಚಹಾ ಕುಡದು ಮ್ಯಾಲ ಹೋಗೂಣು," ಅಂದರು ಕಾಕಾ. ಎಂಬತ್ತರ ಹತ್ತಿರದ ವಯಸ್ಸು. ಬಿಳಿ ಧೋತರ, ಕಿವಿಯಲ್ಲಿ ಹತ್ತಿ. ಹತ್ತಿ ಯಾಕೆ ಅಂದರೆ, "ಬ್ಯಾರೆ ಗದ್ದಲ ಬ್ಯಾಡ ಅಂತ." ಚಹಾದ ಜೊತೆ ಚುರುಮುರಿ ಸೂಸ್ಲಾ ಬಂತು. ನಮ್ಮ ಕಡೆಯ ಚುರುಮುರಿಯನ್ನು ನಾನು ಬಿಟ್ಟುಕೊಡುವವಳಲ್ಲ. ಆದರೆ ಆ ಸೂಸ್ಲಾದ ಮುಂದೆ ವಾದ ಮಾಡಲಿಲ್ಲ.

ಮೇಲೆ ಒಂದೇ ಕೋಣೆ. ಕ್ಲಬ್ ಅಂದರೆ ಅಷ್ಟೇ. ಎಂಟ್ಹತ್ತು ಜನ ಸದಸ್ಯರು, ಆ ದಿನ ಇದ್ದವರು ಇಬ್ಬರು: ಪಾಲಿಟೆಕ್ನಿಕ್ ಓದುವ ಹುಡುಗ, ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯವರೊಬ್ಬರು. ಗೋಡೆಯ ತುಂಬ ಕ್ಯೂಎಸ್‌ಎಲ್ ಕಾರ್ಡುಗಳು. ಯಾವುದೋ ದೇಶದ ಹ್ಯಾಮ್ ಜೊತೆ ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಅಂಚೆಯಲ್ಲಿ ಬರುವ ಕಾರ್ಡು ಅದು. ನಮ್ಮ ದೇಶದ ಹ್ಯಾಮ್‌ಗಳ ಗುರುತು ವಿಯು ಅಕ್ಷರಗಳಿಂದ ಶುರುವಾಗುತ್ತದೆ. ಮೇಜಿನ ಮೇಲೆ ಮೈಕ್ ಕಂಡು ಕೈ ಚಾಚಿದೆ.

"ಕೇಳ್ರಿ ಅಕ್ಕಾರ, ಆದ್ರ ಮಾತಾಡಂಗಿಲ್ಲ," ಅಂದ ಹುಡುಗ. ಲೈಸೆನ್ಸ್ ಇಲ್ಲದವರು ಮಾತಾಡಿದರೆ ಇದ್ದವರ ಲೈಸೆನ್ಸಿಗೆ ಕುತ್ತು. ಹಾಡು ಹಾಕುವ ಹಾಗಿಲ್ಲ, ವ್ಯಾಪಾರ ಮಾತಾಡುವ ಹಾಗಿಲ್ಲ. ಮತ್ತೇನು ಮಾತಾಡ್ತೀರಿ ಅಂದೆ. "ನಿಮ್ಮ ಸಿಗ್ನಲ್ ಹೆಂಗ ಬರಾಕತ್ತೈತಿ ಅಂತ," ಅಂದ. ತಮಾಷೆ ಅಂದುಕೊಂಡೆ. ನಿಜವೇ ಅಂತೆ.

ಗೋಡೆಗೆ ಹೊಂದಿಸಿದ ಕಪಾಟಿನಲ್ಲಿ ವಾಲ್ವ್ ರೇಡಿಯೋಗಳ ಸಾಲು. ಒಳಗೆ ಬಲ್ಬಿನಂಥ ಗಾಜಿನ ವಾಲ್ವ್ ಇರುವ ಹಳೇ ಕಾಲದವು. ಮರ್ಫಿ, ಬುಷ್, ಫಿಲಿಪ್ಸ್, ನ್ಯಾಷನಲ್ ಎಕ್ಕೋ. ಎಲ್ಲಿಂದ ತಂದಿರಿ ಅಂತ ಕೇಳಿದೆ.

"ಮುಳುಗಡಿಯಿಂದ," ಅಂದರು ಕಾಕಾ. "ಊರು ಬಿಡೂವಾಗ ಮಂದಿ ಬಾಗಲಾ, ತೊಲಿ, ಕಿಟಕಿ ಎಲ್ಲಾ ಬಿಚಗೊಂಡು ಹೋದ್ರು. ದೇವರ ಜಗಲಿ ಕಲ್ಲೂ ಬಿಡ್ಲಿಲ್ಲ. ರೇಡಿಯೋ ಬಿಟ್ಟು ಹೋದ್ರು. ಮನ್ಯಾಗ ಟಿವಿ ಬಂದಿತ್ತಲ್ಲ. ಗುಜರಿಯಂವ ಕಿಲೋ ಲೆಕ್ಕದಾಗ ತಗೋತಿದ್ದ. ನಾ ಅವಂಗ ಐದು ರೂಪಾಯಿ ಜಾಸ್ತಿ ಕೊಟ್ಟು ತರ್ತಿದ್ದೆ."

ಕೆಲವು ರೇಡಿಯೋಗಳ ಜೊತೆ ಲೈಸೆನ್ಸ್ ಪುಸ್ತಕವೂ ಇತ್ತು. ಆಗ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷ ವರ್ಷ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಸ್ಟಾಂಪ್ ಅಂಟಿಸಿಕೊಳ್ಳಬೇಕಿತ್ತು. ಒಂದು ಮರ್ಫಿಯ ಡಯಲ್ ಗಾಜಿನ ಮೇಲೆ ಯಾರೋ ಕೆಂಪು ಉಗುರುಬಣ್ಣದಲ್ಲಿ "ಧಾ" ಅಂತ ಬರೆದಿದ್ದರು. ಧಾರವಾಡ. ಆ ಕೇಂದ್ರ ಶುರುವಾದದ್ದು 1950ರಲ್ಲಿ. ಗಾಜಿನ ಮೇಲೆ ಅಚ್ಚಾದ ಊರುಗಳಲ್ಲಿ ಧಾರವಾಡ ಇರಲಿಲ್ಲ. ಅದಕ್ಕೆ ಮನೆಯ ಹೆಂಗಸು ಯಾರೋ ತಾವೇ ಸೇರಿಸಿಕೊಂಡಿದ್ದಾರೆ.

ಅದನ್ನು ನೋಡಿದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ನಮ್ಮಪ್ಪನದ್ದೂ ಇಂಥದೇ ಮರ್ಫಿ. ಹೋದ ವರ್ಷ ನಮ್ಮೂರಿನ ಒಂದು ಅಂಗಡಿಗೆ ರಿಪೇರಿಗೆ ಕೊಟ್ಟೆ. ಹದಿನೈದು ದಿನ ಬಿಟ್ಟು ಹೋದರೆ, "ಹೊಸದು ಮಾಡಿದೀನಿ ಮೇಡಂ," ಅಂತ ಬ್ಲೂಟೂತ್‌ನಲ್ಲಿ ಮೊಬೈಲಿನ ಹಾಡು ಹಾಕಿ ತೋರಿಸಿದ. ಒಳಗಿದ್ದ ವಾಲ್ವ್, ಸ್ಟೇಷನ್ ಹಿಡಿಯುವ ಗ್ಯಾಂಗ್, ಟ್ರಾನ್ಸ್‌ಫಾರ್ಮರ್ ಒಂದೂ ಇಲ್ಲ. ಅಂಗೈ ಅಗಲದ ಒಂದು ಬೋರ್ಡ್, ಎರಡು ಚೈನಾ ಸ್ಪೀಕರ್. ಅದಕ್ಕೆ ನಾನು ಎರಡು ಸಾವಿರ ಬೇರೆ ಕೊಟ್ಟು ಬಂದೆ.

ಕಾಕಾ ಏನೂ ಅನ್ನಲಿಲ್ಲ. ಒಂದು ಬುಷ್ ರೇಡಿಯೋದ ಹಿಂದಿನ ರಟ್ಟು ಬಿಚ್ಚಿ ತೋರಿಸಿದರು. ಕರೆಂಟ್ ಕೂಡಿಟ್ಟುಕೊಳ್ಳುವ ಕಾಗದದ ಹಳೇ ಕಂಡೆನ್ಸರ್‌ಗಳು ಇದ್ದಲ್ಲೇ ಇದ್ದವು. "ಇವು ಹೊಸಾವು," ಅಂದರು. ಹಳೇದರ ಹೊಟ್ಟೆ ಬಗೆದು ಖಾಲಿ ಮಾಡಿ, ಹೊಸ ಚಿಕ್ಕ ಕಂಡೆನ್ಸರ್ ಒಳಗಿಟ್ಟು, ಮೇಣ ಹಾಕಿ ಮುಚ್ಚುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ.

"ಯಾರು ನೋಡ್ತಾರೆ ಕಾಕಾ, ರಟ್ಟಿನ ಒಳಗೆ?"

"ನಾ ನೋಡ್ತೀನಲ್ಲ."

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದು ಇದ್ದರೆ ಕಾಕಾ ಹೇಳಿದ್ದನ್ನು ಕೇಳಿ. ಎಷ್ಟೋ ವರ್ಷ ಸುಮ್ನೆ ಕೂತ ರೇಡಿಯೋವನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಒಣಗಿದ ಕಂಡೆನ್ಸರ್ ಸಿಡಿಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗುತ್ತದೆ. ಗೊತ್ತಿರುವವರು ನಡುವೆ ನೂರು ವಾಟಿನ ಹಳೇ ತಂತಿಬಲ್ಬು ಸೀರೀಸ್ ಹಾಕುತ್ತಾರೆ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ರೇಡಿಯೋಗೆ ಹೋಗುವ ಹಾಗೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಎಲ್‌ಇಡಿ ಬಲ್ಬು ನಡೆಯುವುದಿಲ್ಲ. ತಂತಿಬಲ್ಬು ಈಗ ಸಿಗುವುದೇ ಕಷ್ಟ ಅಂತ ಕಾಕಾ ಒಂದು ಡಜನ್ ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ, ಮೊಟ್ಟೆ ಇಟ್ಟ ಹಾಗೆ. ರಿಪೇರಿಗೆ ಕೊಡುವ ಮುಂಚೆ ಒಳಗಿನ ಫೋಟೋ ತೆಗೆದುಕೊಳ್ಳಿ ಅನ್ನುವುದು ನನ್ನ ಕಡೆಯಿಂದ.

ಮೂಲೆಯಲ್ಲಿ ಕಪ್ಪನೆಯ ಒಂದು ಭಾರಿ ಪೆಟ್ಟಿಗೆ ಇತ್ತು. ಬಿಸಿ-348. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿದ್ದ ರಿಸೀವರ್. ವಿಮಾನದ 28 ವೋಲ್ಟಿಗೆ ಮಾಡಿದ್ದನ್ನು ಮನೆ ಕರೆಂಟಿಗೆ ಒಗ್ಗಿಸಿದ್ದಾರೆ. ಯುದ್ಧ ಮುಗಿದ ಮೇಲೆ ಇಂಥವು ಗುಜರಿಗೆ ಬಂದು ಹ್ಯಾಮ್‌ಗಳ ಕೈ ಸೇರಿದವು. ಕಾಕಾಗೆ ಮುಂಬೈಯಲ್ಲಿ ಸಿಕ್ಕಿತಂತೆ. ಹಾಕಿದರು. ಅರ್ಧ ನಿಮಿಷ ಸದ್ದಿಲ್ಲ. ವಾಲ್ವ್ ಕಾಯಬೇಕು. ಆಮೇಲೆ ಬಿಸಿ ದೂಳಿನ ವಾಸನೆ, ಅದರ ಹಿಂದೆ ಗುರ್‌ ಅನ್ನುವ ಗದ್ದಲ. ಹುಡುಗ ಓಡಾಡಿ ಟ್ಯೂಬ್‌ಲೈಟ್, ಎಲ್‌ಇಡಿ, ಮೊಬೈಲ್ ಚಾರ್ಜರ್ ಎಲ್ಲಾ ಆರಿಸಿದ. ಅರ್ಧ ಗದ್ದಲ ಕಮ್ಮಿ ಆಯಿತು. ಉಳಿದದ್ದು ಪಕ್ಕದ ಮನೆಯವರದ್ದು.

ಅಷ್ಟರಲ್ಲಿ ಕರೆಂಟ್ ಹೋಯಿತು. ನಾನು ಅಯ್ಯೋ ಅಂದರೆ ಅವರು ಮೂವರೂ ಚಪ್ಪಾಳೆ ಹೊಡೆದರು. "ಓಣಿ ತುಂಬ ಕರೆಂಟ್ ಹೋದ್ರ ನಮಗ ಹಬ್ಬ ನೋಡ್ರಿ!" ಹುಡುಗ ತಾನೇ ಜೋಡಿಸಿದ ಸಣ್ಣ ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿದ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಬಳಗದ ಸೆಟ್. ಕಡಿಮೆ ದುಡ್ಡಿನಲ್ಲಿ ಯಾರು ಬೇಕಾದರೂ ಜೋಡಿಸಿಕೊಳ್ಳಲಿ ಅಂತ ಮಾಡಿದ ವಿನ್ಯಾಸ. ಹೊರಗೆ ಹೋಗುವ ಶಕ್ತಿ ಹತ್ತು ವಾಟ್ ಆಸುಪಾಸು.

"ಹತ್ತು ವಾಟ್ ಸಾಕಾ?" ಅಂದೆ.

"ನಿಮ್ಮ ಮೈಸೂರಿನಾಗ ಗೋಪಾಲಸ್ವಾಮಿಯವರು 30 ವಾಟಿನಾಗ ರೇಡಿಯೋ ಕೇಂದ್ರಾನ ನಡಿಸಿದ್ರಲ್ಲವ್ವ!" ಅಂದರು ಕಾಕಾ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಿಂದಲೇ ಪ್ರಸಾರ ಶುರು ಮಾಡಿದವರು. ಆ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಾಯಿತು. "ಆ ಮನಿ ನೋಡೀಯೇನು?" ನೋಡಿಲ್ಲ ಅಂದೆ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. ಅವರು ನನ್ನನ್ನು ನೋಡಿದ ನೋಟ ನನ್ನ ಬಾದಾಮಿ ಫೋಟೋಗಳಿಗಿಂತ ಚೆನ್ನಾಗಿ ನೆನಪಿದೆ.

ಸಂಜೆ ಐದೂವರೆ. ದಿನಾ ಆ ಹೊತ್ತಿಗೆ ಕಾಕಾ ಹ್ಯಾಮ್‌ಗಳ 40 ಮೀಟರ್ ತರಂಗದ ಬ್ಯಾಂಡಿನಲ್ಲಿ ಕೂರುತ್ತಾರೆ. ಪೂರ್ತಿ ಕತ್ತಲಾದರೆ ಈ ಬ್ಯಾಂಡಿನಲ್ಲಿ ದೂರದವರು ಕೇಳುತ್ತಾರೆ, ಹತ್ತಿರದವರು ಮಾಯ. ಹಾಗಾಗಿ ಪುಣೆಯ ಗೆಳೆಯ ಸಿಗಬೇಕಾದರೆ ಬೆಳಕಿರಬೇಕು. ಹೆಡ್‌ಫೋನ್ ನನ್ನ ಕಿವಿಗೆ ಹಾಕಿ, ತಾವು ಸಣ್ಣ ಸ್ಪೀಕರ್ ಇಟ್ಟುಕೊಂಡರು. ಗದ್ದಲ ಪೂರ್ತಿ ಬತ್ತಿ ಹೋಗಿತ್ತು. ಅದರ ತಳದಲ್ಲಿ ಒಂದು ಸಣ್ಣ ಕೂಗು. ಡಾ ಡಿಟ್ ಡಾ ಡಿಟ್. ಟೆಲಿಗ್ರಾಂ ಕಾಲದ ಮೋರ್ಸ್ ಸಂಕೇತ: ಡಾ ಅಂದರೆ ಉದ್ದ ಗೆರೆ, ಡಿಟ್ ಅಂದರೆ ಗಿಡ್ಡ ಚುಕ್ಕಿ.

"ಬಂದ," ಅಂದರು.

"ಹೆಸರು ಹೇಳಿದರಾ?"

"ಇನ್ನೂ ಇಲ್ಲ. ಕೈ ಗೊತ್ತಾಗತೈತಿ. ನಿನ್ನ ಅಕ್ಷರ ನಿಮ್ಮವ್ವ ಗುರ್ತು ಹಿಡಿಯೂದಿಲ್ಲೇನು? ಹಂಗ. ಅಂವಾ ಹುಬ್ಬಳ್ಳಿ ಆಫೀಸಿನಾಗ ಇದ್ದ, ನಾ ಇಲ್ಲಿ. ಒಂಬತ್ತು ವರ್ಷ ದಿನಾ ತಂತಿ ಮ್ಯಾಲ ಮಾತಾಡೀವಿ, ಮಾರಿ ನೋಡಿದ್ದಿಲ್ಲ. ಅವಂದು ಡಾ ಭಾಳ ಉದ್ದ. ಲಾವಣಿ ಹಾಡಿದಂಗ ಎಳೀತಾನ."

ಹ್ಯಾಮ್ ಆದ ಹೊಸದರಲ್ಲಿ ಅವರಿಬ್ಬರಿಗೂ ರೇಡಿಯೋದ ಮೋರ್ಸ್ ತಿಳಿಯುತ್ತಲೇ ಇರಲಿಲ್ಲವಂತೆ. ಟೆಲಿಗ್ರಾಂ ಆಫೀಸಿನ ಯಂತ್ರದಲ್ಲಿ ಕೇಳುವುದು ಟಕ್ ಟಕ್ ಬಡಿತ. ಎರಡು ಬಡಿತದ ನಡುವಿನ ಹೊತ್ತನ್ನು ಅಳೆದು ಅಕ್ಷರ ಹಿಡಿಯಬೇಕು. ರೇಡಿಯೋದಲ್ಲಿ ಬರುವುದು ಸೀಟಿಯಂಥ ದನಿ. "ನೌಕರಿ ತುಂಬ ಮಾಡಿದ್ದು ಅದನ್ನ. ಪರೀಕ್ಷಾಕ್ಕ ಸಣ್ಣ ಹುಡುಗರ ಗತೆ ಮತ್ತ ಕಲತ್ವಿ!"

ಬರೆಯುತ್ತಾ ಬರೆಯುತ್ತಾ ಕಾಕಾನ ಪೆನ್ಸಿಲ್ ನಿಂತಿತು. "ಎಸ್‌ಗೆ ಮೂರು ಚುಕ್ಕಿ. ಇವಂದು ನಾಕು ಬೀಳಾಕತ್ತಾವು. ಅದು ಹೆಚ್ ಆಗತೈತಿ." ಸ್ವಲ್ಪ ಹೊತ್ತು ಕೇಳಿದರು. "ಕೈ ನಡಗತೈತಿ ಅವಂದು. ಹೋದ ತಿಂಗಳ ಇದ್ದಿದ್ದಿಲ್ಲ."

ಮೋರ್ಸ್ ಬಡಿಯುವ ಹಿತ್ತಾಳೆಯ ಕೀ ಮೇಲೆ ಬೆರಳಿಟ್ಟರು. ಮಧ್ಯಾಹ್ನ ನನಗೆ ತೋರಿಸಲಿಕ್ಕೆ ಅಂತ ಅದೇ ಕೀ ಮೇಲೆ ನನ್ನ ಹೆಸರನ್ನು ಮಳೆ ಹೊಡೆದ ಹಾಗೆ ಬಾರಿಸಿದ್ದರು. ಈಗ ಒಂದೊಂದೇ ಅಕ್ಷರ, ನಡುವೆ ಜಾಗ ಬಿಟ್ಟು ಬಿಟ್ಟು. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಎರಡೂ ಕಡೆಯಿಂದ 73. ಶುಭಾಶಯ ಅಂತ ಅರ್ಥ, ತಂತಿಯವರಿಂದ ಹ್ಯಾಮ್‌ಗಳಿಗೆ ಬಂದ ನಂಬರ್.

"ಏನಂದ್ರು?" ಅಂದೆ.

"ಸಿಗ್ನಲ್ ಛಲೋ ಬರಾಕತ್ತೈತಿ ಅಂದ."

ಆ ರಾತ್ರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಮೈಸೂರಿಗೆ ಬಂದ ಮರುದಿನವೇ ಆ ಅಂಗಡಿಗೆ ಹೋಗಿ ಹಳೇ ಸಾಮಾನು ಇದೆಯಾ ಕೇಳಿದೆ. "ಆಗ್ಲೇ ತೂಕಕ್ಕೆ ಹಾಕಿದ್ವಲ್ಲ ಮೇಡಂ," ಅಂದ. ಮನೆಗೆ ಬಂದು ಕಾಕಾಗೆ ಫೋನ್ ಮಾಡಿದೆ. ವಾಲ್ವ್ ಇಲ್ಲ, ಗ್ಯಾಂಗ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಮೂರು ಗುಂಡಿ ಇದ್ದವು, ಅವೂ ಇಲ್ಲ ಅಂದೆ.

"ವಾಲ್ವ್ ನನ್ನ ಕಡೆ ಅದಾವ. ಗ್ಯಾಂಗ್ ಹುಡುಕೂಣು. ಡಯಲ್ ಗಾಜು?"

ಟಾರ್ಚ್ ಹಾಕಿ ನೋಡಿದೆ. ದೂಳು ಹಿಡಿದಿತ್ತು, ಒಡೆದಿರಲಿಲ್ಲ. ಒರೆಸಿದರೆ ದೆಹಲಿ, ಕೊಲಂಬೋ ಎಲ್ಲಾ ಇದ್ದವು.

"ಇದೆ ಕಾಕಾ."

"ಅದೊಂದ ನಮಗ ಸಿಗೂದಿಲ್ಲ ನೋಡವ್ವ. ಡಬ್ಬಿ ತಗೊಂಡ ಬಾ. ಗಾಜಿಗೆ ಮೆತ್ತಗಿನ ಅರಬಿ ಸುತ್ತು, ರೈಲಿನಾಗ ತೊಡಿ ಮ್ಯಾಲ ಇಟಗೋ. ಮತ್ತ ಸೆಕ್ಟರ್ ನಂಬರ್ ಬರಕೋ ಈಗ."